ಬಲೆಗೆ ಬಿದ್ದ ಹಾವಿನ ಬಾಲ ನೋಡಿ

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಬಲೆ ಬೀಸುವವರಿಗೆ, ಬೆಳಚು ಎಂಬ ಚಿಪ್ಪುಮೀನು ಹೆಕ್ಕುವವರಿಗೆ, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಹಾವು ಹೊಸದಲ್ಲ. ಆದರೆ ಕರಾವಳಿಯ ವೈದ್ಯನಾಗಿ ನಾನು ಕಾಣುವುದು ಒಂದು ಉಲ್ಟಾ ಭಯ. ನೀರೊಳ್ಳೆ ಕಚ್ಚಿದರೆ ಮನೆಮಂದಿಯೆಲ್ಲ ಅಳುತ್ತಾ ಓಡಿ ಬರುತ್ತಾರೆ. ಕಡಲ ಹಾವು ಕಚ್ಚಿದರೆ 'ನೋವೇ ಇಲ್ವಲ್ಲ' ಅಂತ ಮೀನು ವಿಂಗಡಿಸಿ ಮುಗಿಸುತ್ತಾರೆ, ಮನೆಗೆ ಹೋಗಿ ಮಲಗುತ್ತಾರೆ.

ನೀರೊಳ್ಳೆಗೆ ವಿಷ ಇಲ್ಲ. ಮೈ ಮೇಲೆ ಚೌಕಳಿ, ಕಣ್ಣಿನ ಹಿಂದೆ ಕೆಳಗಿಳಿಯುವ ಎರಡು ಕಪ್ಪು ಗೆರೆ. ಕೆಣಕಿದರೆ ಕತ್ತು ಚಪ್ಪಟೆ ಮಾಡಿ ಎದ್ದು ನಿಲ್ಲುತ್ತದೆ, ಜೋರಾಗಿ ಕಚ್ಚುತ್ತದೆ, ರಕ್ತವೂ ಬರುತ್ತದೆ. ಹಾಗಾಗಿ ನಾಗರ ಅಂತ ಗಾಬರಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರಲ್ಲಿ ಇರುವ ನಾಯಿಮೂತಿಯ ಹಾವಿಗೆ ಅಲ್ಪ ವಿಷ ಇದೆ, ಅದರಿಂದ ಮನುಷ್ಯರಿಗೆ ಅಪಾಯ ಇಲ್ಲ. ಇನ್ನು ಗದ್ದೆ ಬದುವಿನಲ್ಲಿ ನಿಜವಾದ ನಾಗರ, ಕೊಳಕುಮಂಡಲ ಎರಡೂ ಇರುತ್ತವೆ. ನಾಗರ ಚೆನ್ನಾಗಿ ಈಜುತ್ತದೆ ಕೂಡ. ನೀರಲ್ಲಿ ಕಚ್ಚಿತು ಅಂದ ಮಾತ್ರಕ್ಕೆ ನೀರೊಳ್ಳೆ ಎಂದು ನೀವೇ ತೀರ್ಮಾನಿಸಬೇಡಿ.

ಕಡಲ ಹಾವಿನ ಗುರುತು ಬಾಲ. ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ನೀರೊಳ್ಳೆಯ ಬಾಲ ಉರುಟಾಗಿ ತುದಿಯಲ್ಲಿ ಚೂಪಾಗಿರುತ್ತದೆ. ಹಾವುಮೀನು ಅಂದುಕೊಂಡು ಕೈ ಹಾಕುವವರೂ ಇದ್ದಾರೆ. ಹಾವುಮೀನಿಗೆ ಕಿವಿರಿನ ತೂತು, ಬೆನ್ನುದ್ದಕ್ಕೂ ರೆಕ್ಕೆ ಇರುತ್ತದೆ. ಹಾವಿಗೆ ಅವೆರಡೂ ಇಲ್ಲ, ಮೈತುಂಬ ಹುರುಪೆ ಇರುತ್ತದೆ. ನಮ್ಮ ಕಡೆ ಬಲೆಗೆ ಬೀಳುವುದರಲ್ಲಿ ಕೊಕ್ಕೆಮೂಗಿನ ಕಡಲ ಹಾವಿಗೆ ಹೆಚ್ಚು ಹೆದರಬೇಕು. ಅದು ಸಮುದ್ರದಲ್ಲೇ ಉಳಿಯುವುದಿಲ್ಲ. ಮೀನಿನ ಬೆನ್ನು ಹತ್ತಿ ಅಳಿವೆಯೊಳಗೂ ಬರುತ್ತದೆ.

ಇದರ ಹಲ್ಲು ಚಿಕ್ಕದು. ಮುಳ್ಳು ಚುಚ್ಚಿದಷ್ಟೇ ಗೊತ್ತಾಗುತ್ತದೆ, ಊತವೂ ಬರುವುದಿಲ್ಲ. ಕಚ್ಚಿದರೂ ಎಷ್ಟೋ ಸಲ ವಿಷ ಮೈಯೊಳಗೆ ಸೇರುವುದಿಲ್ಲ, ಅದು ಪುಣ್ಯ. ಸೇರಿದರೆ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಮೈಯೆಲ್ಲ ನೋವು ಶುರುವಾಗುತ್ತದೆ. ಕತ್ತು, ತೊಡೆ ಬಿಗಿಯುತ್ತವೆ. ದವಡೆ ತೆರೆಯಲು ಕಷ್ಟ. ರೆಪ್ಪೆ ಜೋತು ಬೀಳುತ್ತದೆ. ಆಮೇಲೆ ಮೂತ್ರ ಕಂದುಗೆಂಪಾಗುತ್ತದೆ. ವಿಷ ಸ್ನಾಯುಗಳನ್ನೇ ಒಡೆಯುತ್ತದೆ, ಆ ಒಡೆದ ಅಂಶ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು.

ಎಲ್ಲರಿಗೂ ತಿಳಿದಿರಬೇಕಾದ ಮಾತು ಇನ್ನೊಂದಿದೆ. ನಮ್ಮ ದೇಶದಲ್ಲಿ ಸಿಗುವ ಹಾವಿನ ವಿಷಕ್ಕೆ ಮದ್ದಾಗಿ ಕೊಡುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಡಲ ಹಾವಿನ ವಿಷಕ್ಕೆ ಅದು ನಾಟುವುದಿಲ್ಲ. ಅದಕ್ಕೆ ಬೇಕಾದ ಔಷಧಿ ಆಸ್ಟ್ರೇಲಿಯಾದಲ್ಲಿ ತಯಾರಾಗುತ್ತದೆ. ಹಾಗಂತ ಕೈಚೆಲ್ಲಬೇಕಿಲ್ಲ. ಡ್ರಿಪ್, ಡಯಾಲಿಸಿಸ್, ವೆಂಟಿಲೇಟರ್ ಸಕಾಲಕ್ಕೆ ಸಿಕ್ಕರೆ ಜೀವ ಉಳಿಸಬಹುದು. ಆದ್ದರಿಂದ 108ಕ್ಕೆ ಫೋನ್ ಮಾಡುವಾಗಲೇ 'ಬಲೆಯಲ್ಲಿದ್ದ ಹಾವು, ಬಾಲ ಚಪ್ಪಟೆ' ಎಂದು ಹೇಳಿ. ಯಾವ ಆಸ್ಪತ್ರೆಗೆ ಒಯ್ಯಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಹೆಚ್ಚಿನ ಕಡಿತ ಆಗುವುದು ಮೀನು ಬಿಡಿಸುವಾಗ, ಅದೂ ಕತ್ತಲಲ್ಲಿ. ತಲೆಗೆ ಕಟ್ಟುವ ಟಾರ್ಚ್ ಇರಲಿ. ಬಲೆಯನ್ನು ಮೊದಲು ಕೊಡವಿ, ಆಮೇಲೆ ಕೈ ಹಾಕಿ. ಹಾವು ಕಂಡರೆ ಬಾಲ ಹಿಡಿದು ಎಸೆಯುವ ಅಭ್ಯಾಸ ಬೇಡವೇ ಬೇಡ, ಉದ್ದನೆಯ ಕೊಕ್ಕೆಯಿಂದ ಎತ್ತಿ ನೀರಿಗೆ ಬಿಡಿ. ಸತ್ತಂತೆ ಬಿದ್ದಿರುವ ಹಾವೂ ಕಚ್ಚಬಲ್ಲದು. ಕೆಸರಲ್ಲಿ ನಡೆಯುವಾಗ ಪಾದ ಎತ್ತಿ ಇಡದೆ ಜಾರಿಸುತ್ತಾ ಹೋಗಿ, ಹಾವು ತಾನಾಗಿ ಸರಿಯುತ್ತದೆ.

ಕಚ್ಚಿದರೆ ಉಂಗುರ, ಬಳೆ ತೆಗೆಯಿರಿ. ಕೈಯಾದರೂ ಕಾಲಾದರೂ ಅಲುಗದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ. ಬಿಗಿ ಹಗ್ಗ ಬೇಡ, ಬ್ಲೇಡ್ ಬೇಡ, ನಡೆಸಿಕೊಂಡು ಹೋಗುವುದೂ ಬೇಡ. ನೋವಿಲ್ಲದಿದ್ದರೂ 24 ಗಂಟೆ ಆಸ್ಪತ್ರೆಯಲ್ಲೇ ಇರಿ. ಆ ಹೊತ್ತಿನಲ್ಲಿ ಮೂತ್ರದ ಬಣ್ಣ ಬದಲಾದರೆ, ನರ್ಸ್ ಬರಲಿ ಅಂತ ಕಾಯದೆ ಕೂಡಲೇ ಕರೆದು ತೋರಿಸಿ.