ಕಲಬುರಗಿಯಿಂದ ಮನಾಲಿಗೆ ಹೊರಟ ಎಸ್‌ಯುವಿಗೆ ವಿಂಟರ್ ಟೈರ್ ಬೇಕೇ?

ಪ್ರಶ್ನೆ: "ಡಿಸೆಂಬರ್ ಕೊನೀಗೆ ಮನಿ ಮಂದಿಯೆಲ್ಲಾ ಕೂಡಿ ನಮ್ಮ ಎಸ್‌ಯುವಿದಾಗ ಕಲಬುರಗಿಯಿಂದ ಮನಾಲಿಗೆ ಹೋಗೋರಿದ್ದೀವ್ರಿ. ಕೆನಡಾದಾಗಿರೋ ಅಳಿಯ 'ವಿಂಟರ್ ಟೈರ್ ಇಲ್ದ ಹಿಮದಾಗ ಗಾಡಿ ಇಳಸಬ್ಯಾಡ್ರಿ ಮಾವಾ' ಅಂತಾನ. ಇಲ್ಲಿ ಟೈರ್ ಅಂಗಡ್ಯಾಗ ಕೇಳಿದ್ರ ನಗ್ತಾರ. ಯಾರ ಮಾತು ಕೇಳ್ಬೇಕ್ರಿ?"

ಅಳಿಯನ ಮಾತೂ ಸರಿ, ಅಂಗಡಿಯವರ ನಗುವೂ ಸರಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಇಲ್ಲದೆ ಕಾರು ಓಡಿಸಿದರೆ ಕಾನೂನಿನ ಪ್ರಕಾರ ತಪ್ಪು. ಅಲ್ಲಿನ ಚಳಿಗಾಲ ಅಂಥದ್ದು. ನಿಮ್ಮ ದಾರಿಯೋ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ್ದು. ಅದರಲ್ಲಿ ಹಿಮ ಸಿಕ್ಕರೆ ಮನಾಲಿಯ ಆಸುಪಾಸಿನ ಮೂವತ್ತು ನಲವತ್ತು ಕಿಲೋಮೀಟರು. ಉಳಿದದ್ದೆಲ್ಲ ಒಣ ಡಾಂಬರು, ಕಾಂಕ್ರೀಟು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹಾಕಿಸಬೇಡಿ. ಆದರೆ ಅಳಿಯ ಯಾಕೆ ಹೆದರುತ್ತಿದ್ದಾನೆ ಅನ್ನುವುದನ್ನು ಮಾತ್ರ ಪೂರ್ತಿ ತಿಳಿದುಕೊಂಡು ಹೊರಡಿ.

ವಿಂಟರ್ ಟೈರಿನ ಗುಟ್ಟು ಮೊದಲು ಇರುವುದು ರಬ್ಬರಿನಲ್ಲಿ. ಬೆಲ್ಲದ ಪೆಂಟಿಯನ್ನು ನೋಡಿ. ಜನವರಿಯ ಬೆಳಿಗ್ಗೆ ಅದನ್ನು ಒಡೆಯಲು ಕಲ್ಲು ಬೇಕು, ಮೇ ತಿಂಗಳಲ್ಲಿ ಅದೇ ಬೆಲ್ಲ ಬೆರಳಿಗೆ ಅಂಟುತ್ತದೆ. ರಬ್ಬರಿನದೂ ಅದೇ ಸ್ವಭಾವ. ನಮ್ಮ ಗಾಡಿಗಳಲ್ಲಿರುವ ಮಾಮೂಲಿ ಟೈರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತ ಹೋಗುತ್ತದೆ, ರಸ್ತೆಯನ್ನು ಹಿಡಿಯುವುದಿಲ್ಲ. ವಿಂಟರ್ ಟೈರಿಗೆ ಸಿಲಿಕಾ ಹೆಚ್ಚು ಬೆರೆಸಿ, ಆ ಚಳಿಯಲ್ಲೂ ಮೆತ್ತಗೆ ಇರುವಂತೆ ಮಾಡಿರುತ್ತಾರೆ. 1934ರಲ್ಲಿ ಫಿನ್ಲೆಂಡಿನವರು ಮೊದಲ ವಿಂಟರ್ ಟೈರ್ ಮಾಡಿದ್ದು ಲಾರಿಗಳಿಗಾಗಿ. ಹಿಮ ಬಿದ್ದರೂ ಸರಕು ನಿಲ್ಲಬಾರದಲ್ಲ.

ಇಂಥ ಮೆತ್ತನೆಯ ಟೈರು ನಮ್ಮ ಕಡೆಗೆ ಬಂದರೆ? ಬೀದರಿನಲ್ಲಿ ಡಿಸೆಂಬರ್, ಜನವರಿಯ ಕೆಲವು ಬೆಳಗಿನ ಜಾವ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಉಂಟು. ಆದರೆ ಹತ್ತು ಗಂಟೆಯ ಹೊತ್ತಿಗೆ ಹೊದ್ದ ಶಾಲು ಹೆಗಲಿಗೆ ಬಂದಿರುತ್ತದೆ. ಕಲಬುರಗಿ, ಯಾದಗಿರಿಯಲ್ಲಿ ಅಷ್ಟೂ ಚಳಿ ಇಲ್ಲ, ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಮಾತ್ರ ತಪ್ಪುವುದಿಲ್ಲ. ಆ ಬಿಸಿಲಿನ ಡಾಂಬರಿನ ಮೇಲೆ ವಿಂಟರ್ ಟೈರಿನ ಬಟನ್, ಅಂದರೆ ರಸ್ತೆಗೆ ತಾಗುವ ಉಬ್ಬು ರಬ್ಬರು, ಅಳ್ಳಾಡುತ್ತದೆ, ಬ್ರೇಕ್ ಹಾಕಿದರೆ ಗಾಡಿ ಮಾಮೂಲಿಗಿಂತ ಮುಂದೆ ಹೋಗಿ ನಿಲ್ಲುತ್ತದೆ, ನೋಡನೋಡುತ್ತ ಸವೆಯುತ್ತದೆ. ಏಳು ಜನ, ತಲೆ ಮೇಲೆ ಲಗೇಜು, ನಾಗಪುರದ ಹೆದ್ದಾರಿಯಲ್ಲಿ ನೂರರ ವೇಗ ಎಂದರೆ ಡಿಸೆಂಬರಿನಲ್ಲೂ ಟೈರು ಕಾದು ಬಿಸಿಯಾಗುತ್ತದೆ. ಹೋಗಿ ಬಂದ ಮೇಲೆ ಆ ನಾಲ್ಕು ಟೈರನ್ನು ಏನು ಮಾಡುತ್ತೀರಿ? ಅಟ್ಟದ ಮೇಲೆ ಹಾಕಬೇಕು.

ಎರಡನೆಯ ಗುಟ್ಟು ಬಟನ್‌ನಲ್ಲಿದೆ. ನಮ್ಮವರಿಗೆ ಇದು ಬೇಗ ತಿಳಿಯುತ್ತದೆ, ಯಾಕೆಂದರೆ ನಾವು ಎರಿ ಮಣ್ಣಿನ ಮಂದಿ. ಮಳೆಗಾಲದಲ್ಲಿ ತೊಗರಿ ಹೊಲದ ದಾರಿಗೆ ಗಾಡಿ ಇಳಿಸಿದವರಿಗೆ ಗೊತ್ತು: ನಾಲ್ಕು ಸುತ್ತು ತಿರುಗುವುದರೊಳಗೆ ಬಟನ್ ಸಂದಿಯಲ್ಲೆಲ್ಲ ರಾಡಿ ತುಂಬಿ, ಟೈರು ಬೋಳಾದ ಹಾಗೆ ಆಗುತ್ತದೆ. ಆದ್ದರಿಂದ ರಾಡಿಯ ಟೈರಿಗೆ ಅಗಲವಾದ ಸಂದಿ ಬೇಕು, ತುಂಬಿದ ಮಣ್ಣನ್ನು ಅದು ಎತ್ತಿ ಎಸೆಯಬೇಕು. ಹಿಮದಲ್ಲಿ ಇದು ತಲೆಕೆಳಗು. ಹಿಮ ಹಿಮಕ್ಕೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಹಾಗಾಗಿ ಟೈರು ಹಿಮವನ್ನು ಒಂದಿಷ್ಟು ತನ್ನಲ್ಲೇ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆಂದೇ ವಿಂಟರ್ ಟೈರಿನ ಪ್ರತಿ ಬಟನ್ ಮೇಲೂ ಬ್ಲೇಡಿನಿಂದ ಗೀರಿದಂತೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ಟೈರಿನವರು ಅವನ್ನು ಸೈಪ್ ಅನ್ನುತ್ತಾರೆ. "ನಮ್ಮದು ದೊಡ್ಡ ಬಟನ್ ಟೈರ್, ಹಿಮ ಯಾವ ಲೆಕ್ಕ" ಅನ್ನುವ ಮಾತನ್ನು ನಂಬಬೇಡಿ.

ಹಿಮಕ್ಕಿಂತ ಕೆಟ್ಟದ್ದು ಅದು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಪದರ. ಬಿಸಿಲು ಬೀಳದ ತಿರುವಿನಲ್ಲಿ, ಸೇತುವೆಯ ಮೇಲೆ ಅದು ಕಣ್ಣಿಗೇ ಕಾಣುವುದಿಲ್ಲ, ಒದ್ದೆ ರಸ್ತೆಯ ಹಾಗೆ ತೋರುತ್ತದೆ. ಪಾಲಿಷ್ ಮಾಡಿದ ಶಹಾಬಾದಿ ಫರಸಿಯ ಮೇಲೆ ಸೋಪಿನ ನೀರು ಚೆಲ್ಲಿ, ಬರಿಗಾಲಲ್ಲಿ ಓಡಿದರೆ ಹೇಗೋ ಹಾಗೆ.

ಇನ್ನು ಎಸ್‌ಯುವಿ ಇಟ್ಟುಕೊಂಡವರ ಒಂದು ದೊಡ್ಡ ಭ್ರಮೆ, ಫೋರ್ ಬೈ ಫೋರ್. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋದರೆ ಗಾಡಿ ಮುಂದೆ ಹೋಗುವುದು ಸುಲಭ, ನಿಜ. ಆದರೆ ಬ್ರೇಕು ಎಲ್ಲ ಗಾಡಿಗೂ ನಾಲ್ಕೇ ಗಾಲಿಗೆ. ನಿಲ್ಲಿಸುವುದು ಟೈರು, ತಿರುಗಿಸುವುದೂ ಟೈರು. ಮೇಲಾಗಿ ಎಸ್‌ಯುವಿಯ ತೂಕ ಹೆಚ್ಚು. ಸಣ್ಣ ಕಾರಿನವನು ಏರಲಾಗದೆ ಕೆಳಗೇ ನಿಂತು ಬಚಾವಾಗುತ್ತಾನೆ, ಫೋರ್ ಬೈ ಫೋರ್‌ನವನು ಧೈರ್ಯವಾಗಿ ಏರಿ, ಇಳಿಯುವಾಗ ಸಿಕ್ಕಿಬೀಳುತ್ತಾನೆ. ನಿಮ್ಮ ಗಾಡಿಯ ಹಿಂದೆ ಫೋರ್ ಬೈ ಫೋರ್ ಅಂತ ಬರೆದಿದೆಯೋ ಇಲ್ಲವೋ ಒಮ್ಮೆ ನೋಡಿ. ನಮ್ಮ ರಸ್ತೆಯ ಮೇಲಿನ ಹೆಚ್ಚಿನ ಎಸ್‌ಯುವಿಗಳು ಎರಡೇ ಗಾಲಿಯ ಬಲದ್ದು.

ಟೈರಿನ ಪಕ್ಕದಲ್ಲಿ 'ಎಂ ಪ್ಲಸ್ ಎಸ್' ಅಂತ ಇದ್ದರೆ ಅಂಗಡಿಯವರು "ಇದೇ ಹಿಮದ ಟೈರ್ ತಗೋರಿ" ಅಂದಾರು. ಮಡ್ ಮತ್ತು ಸ್ನೋ ಎಂದು ಅದರ ಅರ್ಥವೇನೋ ಹೌದು. ಆದರೆ ಅದು ಬಟನ್‌ನ ಆಕಾರ ನೋಡಿ ಕಂಪನಿಯೇ ಹಾಕಿಕೊಳ್ಳುವ ಗುರುತು, ಹಿಮದ ಮೇಲೆ ಪರೀಕ್ಷೆ ಆಗಿರಬೇಕೆಂದಿಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಬರೀ ಆ ಗುರುತಿರುವುದನ್ನು ವಿಂಟರ್ ಟೈರೆಂದು ಒಪ್ಪುವುದಿಲ್ಲ. ನಿಜವಾದ ಗುರುತು ಮೂರು ಶಿಖರದ ಗುಡ್ಡ, ಅದರೊಳಗೆ ಒಂದು ಹಿಮದ ಹರಳು. ಮುಂದೆ ಯಾವಾಗಾದರೂ ಶ್ರೀನಗರಕ್ಕೋ ಶಿಮ್ಲಾಕ್ಕೋ ವರ್ಗವಾಗಿ ಹೋದರೆ ಆ ಗುರುತು ಹುಡುಕಿ ಕೊಳ್ಳಿ, ನಾಲ್ಕಕ್ಕೆ ನಾಲ್ಕೂ ಕೊಳ್ಳಿ. ಮುಂದೆ ಎರಡಕ್ಕೆ ಮಾತ್ರ ಹಾಕಿದರೆ ತಿರುವಿನಲ್ಲಿ ಹಿಂಭಾಗ ಬೀಸಿಕೊಂಡು ಬರುತ್ತದೆ.

ಈಗ ನಿಮ್ಮ ಪ್ರವಾಸಕ್ಕೆ ಬರೋಣ. ಟೈರಿನ ದುಡ್ಡು ಉಳಿಸಿ, ಒಂದು ಜೊತೆ ಸ್ನೋ ಚೈನ್ ಕೊಳ್ಳಿ, ಅಂದರೆ ಹಿಮದಲ್ಲಿ ಜಾರದಂತೆ ಟೈರಿನ ಮೇಲೆ ತೊಡಿಸುವ ಸರಪಳಿ. ನಿಮ್ಮ ಟೈರಿನ ಸೈಜಿಗೇ ಸರಿಹೊಂದಬೇಕು, ಒಳಗಡೆ ಸಸ್ಪೆನ್ಷನ್‌ಗೆ ತಾಗಬಾರದು. ಗಾಡಿಯ ಮ್ಯಾನುಯಲ್‌ನಲ್ಲಿ ಚೈನ್ ಹಾಕಬಹುದೋ ಇಲ್ಲವೋ ಬರೆದಿರುತ್ತದೆ. ಎಂಜಿನ್ ಯಾವ ಗಾಲಿ ತಿರುಗಿಸುತ್ತದೋ ಆ ಗಾಲಿಗೇ ಚೈನ್: ಕ್ರೆಟಾದಂಥದ್ದಕ್ಕೆ ಮುಂದೆ, ಫಾರ್ಚ್ಯೂನರ್ ಫೋರ್ ಬೈ ಟೂ ರೀತಿಯದಕ್ಕೆ ಹಿಂದೆ. ಚೈನ್ ಮೇಲೆ ಮೂವತ್ತು ನಲವತ್ತರ ಮೇಲೆ ಹೋಗಬೇಡಿ, ಬರೀ ಡಾಂಬರು ಬಂದ ಕೂಡಲೇ ಬಿಚ್ಚಿ. ಹಿಮ ಬಿದ್ದ ದಿನ ಮನಾಲಿ ಹತ್ತಿರದ ಸೋಲಂಗ್‌ನಿಂದ ಅಟಲ್ ಸುರಂಗದ ಕಡೆಗೆ ಪೊಲೀಸರು ಫೋರ್ ಬೈ ಫೋರ್ ಮತ್ತು ಚೈನ್ ಹಾಕಿದ ಗಾಡಿಗಳನ್ನಷ್ಟೇ ಬಿಡುವುದು ರೂಢಿ. ನನ್ನನ್ನು ಕೇಳಿದರೆ, ಅಂಥ ದಿನ ನಿಮ್ಮ ಗಾಡಿ ಹೋಟೆಲಿನಲ್ಲೇ ಇರಲಿ, ಅಲ್ಲಿನ ಟ್ಯಾಕ್ಸಿ ಹಿಡಿಯಿರಿ. ಆ ಡ್ರೈವರಿಗೆ ಆ ತಿರುವು ಚಿಕ್ಕಂದಿನಿಂದ ಗೊತ್ತು.

ಹವಾ ವಿಷಯ ಸ್ವಲ್ಪ ಮಜವಾಗಿದೆ. ಕಲಬುರಗಿಯ 30 ಡಿಗ್ರಿಯಲ್ಲಿ 33 ಪಾಯಿಂಟ್ (ಪಿಎಸ್‌ಐ) ಹಾಕಿಸಿದಿರಿ ಅನ್ನಿ. ಮನಾಲಿಯ ಬೆಳಗಿನ ಮೈನಸ್ 5ರಲ್ಲಿ ಒಳಗಿನ ಗಾಳಿ ಕುಗ್ಗಿ ಐದಾರು ಪಾಯಿಂಟ್ ಇಳಿಯಬೇಕು. ಆದರೆ ಎರಡು ಸಾವಿರ ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೂ ಕಡಿಮೆ, ಅದರಿಂದ ಮೀಟರಿನಲ್ಲಿ ಎರಡು ಎರಡೂವರೆ ಪಾಯಿಂಟ್ ಏರಿದಂತೆ ತೋರಿಸುತ್ತದೆ. ಕೂಡಿಸಿ ಕಳೆದರೆ ಮೂರು ಪಾಯಿಂಟ್ ಕೊರತೆ. ಅಲ್ಲಿ ಹವಾ ತುಂಬಿಸಿಕೊಂಡು, ಬಯಲಿಗೆ ಇಳಿದ ಮೇಲೆ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಮತ್ತೆ ಚೆಕ್ ಮಾಡಿಸಿ. ಮರಳಿನಲ್ಲಿ ಮಾಡಿದಂತೆ ಹಿಮಕ್ಕೆಂದು ಹವಾ ಬಿಡುವುದು ಬೇಡ.

ಈಗಿರುವ ಟೈರು ಸವೆದಿದ್ದರೆ ಹೊರಡುವ ಮುಂಚೆ ಹೊಸದು ಹಾಕಿಸಿ. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಬಟನ್ ಸಾಕು, ಆದರೆ ಆಸ್ಟ್ರಿಯಾದಲ್ಲಿ 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಅದನ್ನು ವಿಂಟರ್ ಟೈರೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಮಕ್ಕೆ ಎಷ್ಟು ಆಳ ಬೇಕೆಂಬುದಕ್ಕೆ ಅದು ಒಳ್ಳೆಯ ಅಳತೆ. ಕೊಳ್ಳುವಾಗ ಪಕ್ಕದ ನಾಲ್ಕು ಅಂಕಿ ಓದಿ: 3224 ಎಂದಿದ್ದರೆ 2024ರ 32ನೇ ವಾರದಲ್ಲಿ ತಯಾರಾದದ್ದು. ತೂಕದ ಅಂಕಿಯನ್ನೂ ನೋಡಿ, 96 ಎಂದರೆ ಒಂದು ಟೈರು ಹೊರುವುದು 710 ಕೆಜಿ. ಅಗ್ಗಕ್ಕೆ ಸಿಕ್ಕಿತೆಂದು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯದು ಬೇಡ.

ಟೈರಿನ ಮಾತಲ್ಲದಿದ್ದರೂ ಒಂದು ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಕಾದ ರೇಡಿಯೇಟರಿಗೆ ನಲ್ಲಿ ನೀರು ಸುರಿಯುವುದು ನಮ್ಮ ಕಡೆಯ ಅಭ್ಯಾಸ. ಆ ನೀರು ಮನಾಲಿಯ ರಾತ್ರಿಯಲ್ಲಿ ಹೆಪ್ಪುಗಟ್ಟಿ ಉಬ್ಬಿದರೆ ಎಂಜಿನ್ನೇ ಸೀಳಬಹುದು. ಪೂರ್ತಿ ತೆಗೆಸಿ ಸರಿಯಾದ ಕೂಲಂಟ್ ಹಾಕಿಸಿ. ಚೈನ್ ಬಂದ ದಿನವೇ ಅಂಗಳದಲ್ಲಿ ಜಾಕ್ ಇಲ್ಲದೆ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ಒಮ್ಮೆ ತೊಡಿಸಿ ಬಿಚ್ಚಿ ನೋಡಿ. ಅಳಿಯನಿಗೆ ವಿಡಿಯೋ ಕಾಲ್ ಹಚ್ಚಿಕೊಂಡೇ ಮಾಡಿದರೆ ಇನ್ನೂ ಒಳ್ಳೆಯದು.