ಮರಿ ಟರಾಂಟುಲಾಕ್ಕೆ ಊಟ ಹಾಕುವ ಮೊದಲು ಹೊಟ್ಟೆ ನೋಡಿ

ಟರಾಂಟುಲಾ ಅಂದರೆ ಮೈತುಂಬ ರೋಮವಿರುವ ದೊಡ್ಡ ಜೇಡ, ಇದನ್ನು ಮನೆಯಲ್ಲಿ ಸಾಕುವವರೂ ಇದ್ದಾರೆ. ಮೆಕ್ಸಿಕನ್ ರೆಡ್ ನೀ ಜಾತಿಯ ಮರಿ ಮನೆಗೆ ಬರುವಾಗ ಕಾಲು ಚಾಚಿದರೂ ಒಂದೆರಡು ಸೆಂಟಿಮೀಟರ್ ಇರುತ್ತದೆ, ಅಷ್ಟೆ. ಅದರ ಡಬ್ಬಿಗೆ ಅದರಷ್ಟೇ ದೊಡ್ಡ ಕ್ರಿಕೆಟ್ ಹುಳವನ್ನು ಜೀವಂತ ಬಿಟ್ಟರೆ ಯಾರು ಯಾರನ್ನು ತಿನ್ನುತ್ತಾರೋ ಹೇಳೋಕಾಗಲ್ಲ. (ಕೊಳ್ಳುವ ಮುಂಚೆ ಕಾಗದಪತ್ರ ಕೇಳಿ. ಇದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜಾತಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.)

ಬೇಟೆ ಮರಿಯ ಹೊಟ್ಟೆಗಿಂತ ದೊಡ್ಡದಿರಬಾರದು. ತೀರಾ ಚಿಕ್ಕ ಮರಿಗೆ ಹಾರಲಾಗದ ಹಣ್ಣಿನ ನೊಣ ಸಾಕು. ನನ್ನನ್ನು ಕೇಳಿದರೆ ಮೀಲ್‌ವರ್ಮ್ (ಒಂದು ಬಗೆಯ ಜೀರುಂಡೆಯ ಮರಿಹುಳ) ತುಂಡೇ ಸುಲಭ. ಬ್ಲೇಡಿನಿಂದ ಮೂರ್ನಾಲ್ಕು ಮಿಲಿಮೀಟರ್ ಕತ್ತರಿಸಿ, ಚಿಮಟದಲ್ಲಿ ಹಿಡಿದು ಬಿಲದ ಬಾಯಿ ಹತ್ತಿರ ಇಡಿ. ಮರಿಗೆ ಅಗಿದು ತಿನ್ನೋಕೆ ಬರಲ್ಲ. ಜೀರ್ಣರಸ ಕಕ್ಕಿ, ಮಾಂಸ ಕರಗಿಸಿ, ಆ ರಸವನ್ನು ಹೀರುತ್ತದೆ. ಬೆಳಗ್ಗೆ ನೋಡಿದರೆ ಸಾಸಿವೆ ಕಾಳಿನಂಥ ಕಪ್ಪು ಉಂಡೆ ಉಳಿದಿರುತ್ತದೆ. ಅದನ್ನು ಅವತ್ತೇ ತೆಗೆಯಿರಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ತೋಟದ ಹುಳ, ಅಡುಗೆಮನೆ ಜಿರಳೆ ಬೇಡವೇ ಬೇಡ. ಯಾವ ಔಷಧಿ ಸಿಂಪಡಿಸಿರುತ್ತಾರೋ ಯಾರಿಗೆ ಗೊತ್ತು?

ವಾರಕ್ಕೆ ಒಂದೆರಡು ಸಲ ಹಾಕಿದರೆ ಸಾಕು. ಆದರೆ ಕ್ಯಾಲೆಂಡರ್‌ಗಿಂತ ಹೊಟ್ಟೆ ಮುಖ್ಯ. ಕಾಲುಗಳಿರುವ ಮುಂದಿನ ಗಟ್ಟಿ ಭಾಗಕ್ಕಿಂತ ಹೊಟ್ಟೆ ತುಸು ದಪ್ಪಗಿದ್ದರೆ ಮರಿ ಚೆನ್ನಾಗಿದೆ. ಅದರ ಒಂದೂವರೆ ಪಟ್ಟು ದಾಟಿದರೆ ಊಟ ಕಡಿಮೆ ಮಾಡಿ. ಉಬ್ಬಿದ ಹೊಟ್ಟೆ ಸ್ವಲ್ಪ ಎತ್ತರದಿಂದ ಬಿದ್ದರೂ ಒಡೆಯಬಹುದು. ಸುಕ್ಕುಗಟ್ಟಿದ್ದರೆ ಮೊದಲು ನೀರು ಕೊಡಿ. ಡಬ್ಬಿಯ ಗೋಡೆಗೆ ಒಂದೆರಡು ಹನಿ ಹಾಕಿದರೂ ಕುಡಿಯುತ್ತದೆ.

"ಡಾಕ್ಟ್ರೇ, ಎರಡು ವಾರದಿಂದ ಏನೂ ಮುಟ್ಟಿಲ್ಲ" ಎಂದು ಗಾಬರಿಯಿಂದ ಫೋನ್ ಮಾಡುವವರು ತುಂಬಾ ಜನ. ಹೊಟ್ಟೆ ತುಂಬಿಕೊಂಡು, ಕಪ್ಪಗೆ ಮಿರಮಿರ ಮಿಂಚುತ್ತಿದೆಯಾ? ಬಿಲದ ಬಾಯಿ ಮುಚ್ಚಿಕೊಂಡಿದೆಯಾ? ಹಾಗಿದ್ದರೆ ಅದು ಪೊರೆ ಬಿಡುವ ತಯಾರಿ. ಪಾಪ ಹಸಿದಿದೆ ಅಂತ ಆಗ ಜೀವಂತ ಹುಳ ಬಿಡುವುದೇ ದೊಡ್ಡ ಅಪಾಯ. ಪೊರೆ ಬಿಡುವಾಗ ಮೈಯೆಲ್ಲ ಮೆತ್ತಗಿರುತ್ತದೆ, ಓಡಲೂ ಆಗದು. ಕ್ರಿಕೆಟ್ಟೋ, ಮಣ್ಣಿನಲ್ಲಿ ಅಡಗಿದ್ದ ಮೀಲ್‌ವರ್ಮೋ ಅದನ್ನೇ ಕಚ್ಚಿ ತಿಂದುಬಿಡುತ್ತದೆ. ಹಸಿವಿನಿಂದ ಸತ್ತ ಮರಿಗಿಂತ ಹೀಗೆ ಹೋದ ಮರಿಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಮುಟ್ಟದ ಬೇಟೆಯನ್ನು 24 ಗಂಟೆಯೊಳಗೆ ಹೊರಗೆ ತೆಗೆಯಿರಿ.

ಪೊರೆ ಬಿಡುವ ಟರಾಂಟುಲಾ ಸಾಮಾನ್ಯವಾಗಿ ಅಂಗಾತ ಮಲಗುತ್ತದೆ. ಸತ್ತಿದೆ ಎಂದುಕೊಂಡು ಎಸೆದವರೂ ಇದ್ದಾರೆ! ಸತ್ತ ಜೇಡ ಹೆಚ್ಚಾಗಿ ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿಕೊಂಡಿರುತ್ತದೆ. ಅಂಗಾತ ಇದ್ದರೆ ಮುಟ್ಟಬೇಡಿ, ಡಬ್ಬಿ ಅಲ್ಲಾಡಿಸಬೇಡಿ.

ಹೊಸ ಮೈಯ ಕೋರೆಗಳು ಮೊದಲು ಬೆಳ್ಳಗಿರುತ್ತವೆ, ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತವೆ. ಚಿಕ್ಕ ಮರಿಗೆ ಇದಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ನೀರು ಮಾತ್ರ. ಕೋರೆ ಕಪ್ಪಾದ ಮೇಲೆ ಮೊದಲ ಊಟಕ್ಕೆ ಸತ್ತ ಹುಳದ ತುಂಡನ್ನೇ ಇಡಿ.