ಫೋಟೋ ಬೇಡ, ಲೆಕ್ಕ ಬೇಕು

ಪ್ರಶ್ನೆ: ನಮ್ಮ ಚರ್ಚಿನ ಯುವಜನರು ಪ್ರತಿ ಕ್ರಿಸ್‌ಮಸ್‌ಗೆ ಹತ್ತಿರದ ಕಾಲೊನಿಯಲ್ಲಿ ರೇಷನ್ ಕಿಟ್ ಹಂಚುತ್ತಾರೆ. ಬ್ಯಾನರ್ ಕಟ್ಟಿ, ಜನರನ್ನು ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿ ಹೇಳಿರುವಾಗ ಇದು ಸರಿಯೇ? ಫೋಟೋ ಇಲ್ಲದಿದ್ದರೆ ದುಡ್ಡು ಕೊಟ್ಟವರು ನಂಬುವುದು ಹೇಗೆ?

ಉತ್ತರ: ಪಡೆಯುವವರ ಮುಖ ಕಾಣುವ ಫೋಟೋ ಬೇಡವೇ ಬೇಡ. ಲೆಕ್ಕ ಮಾತ್ರ ಎಲ್ಲರ ಮುಂದೆ ಇರಬೇಕು. ಫೋಟೋವನ್ನೇ ಲೆಕ್ಕ ಎಂದುಕೊಂಡಿರುವುದರಿಂದ ನಿಮ್ಮಲ್ಲಿ ಗೊಂದಲ ಹುಟ್ಟಿದೆ.

ಬೈಬಲಿನ ಮತ್ತಾಯ 6ನೇ ಅಧ್ಯಾಯದಲ್ಲಿ ತುತ್ತೂರಿ ಊದಿಸಿ ದಾನ ಮಾಡುವವರನ್ನು ಕಪಟಿಗಳು ಎಂದು ಕರೆದಿದೆ. ಅಲ್ಲಿರುವ ಗ್ರೀಕ್ ಪದಕ್ಕೆ ನಾಟಕದ ಪಾತ್ರಧಾರಿ ಎಂಬ ಅರ್ಥವೂ ಇತ್ತು. ನಾಟಕ ನಡೆಯಬೇಕಾದರೆ ರಂಗಸಜ್ಜಿಕೆ ಬೇಕು. ಬ್ಯಾನರಿನ ಕೆಳಗೆ ಅಕ್ಕಿಚೀಲ ಹಿಡಿದು ನಿಂತ ಅಜ್ಜಿ ಆ ಹೊತ್ತಿಗೆ ಅದೇ ಆಗಿಬಿಡುತ್ತಾಳೆ. ಹಾಗೆಂದು ಒಳ್ಳೆಯದನ್ನೆಲ್ಲ ಕದ್ದುಮುಚ್ಚಿ ಮಾಡಬೇಕೆಂದೂ ಅಲ್ಲ. ಯೇಸುವಿನ ಅದೇ ಪರ್ವತ ಪ್ರಸಂಗದಲ್ಲಿ, ಒಂದೇ ಅಧ್ಯಾಯ ಹಿಂದೆ (5:16), ನಿಮ್ಮ ಒಳ್ಳೆಯ ಕ್ರಿಯೆಗಳನ್ನು ಜನ ಕಂಡು ತಂದೆಯನ್ನು ಕೊಂಡಾಡಲಿ ಎಂಬ ಮಾತಿದೆ. ಹೊಗಳಿಕೆ ಹೋಗಿ ಸೇರುವುದು ಯಾರಿಗೆ ಎಂದು ನೋಡಿದರೆ ಎರಡು ಮಾತಿಗೂ ಜಗಳವಿಲ್ಲ.

ಲೆಕ್ಕದ ವಿಷಯಕ್ಕೆ ಅಪೊಸ್ತಲ ಪೌಲನ ಉದಾಹರಣೆಯೇ ಸಾಕು. ಯೆರೂಸಲೇಮಿನ ಬಡವರಿಗೆಂದು ಕ್ರೈಸ್ತ ಸಭೆಗಳಿಂದ ಹಣ ಕೂಡಿಸಿದಾಗ ಅವನು ಅದನ್ನು ತಾನೊಬ್ಬನೇ ನಿರ್ವಹಿಸಲಿಲ್ಲ. ತನ್ನ ಜೊತೆಗಾರ ತೀತನನ್ನೂ ಸಭೆಗಳೇ ನೇಮಿಸಿದ ಇನ್ನೊಬ್ಬನನ್ನೂ ಜೊತೆಗೆ ಸೇರಿಸಿಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಎಂಬ ಕಾರಣವನ್ನೂ ಬರೆದಿದ್ದಾನೆ (2 ಕೊರಿಂಥ 8). ನಿಮ್ಮಲ್ಲೂ ಹಾಗೇ ಮಾಡಿ: ಚರ್ಚಿನ ಬಾಗಿಲ ಬಳಿ ತಿಂಗಳಿಗೊಂದು ಹಾಳೆ. ಬಂದದ್ದೆಷ್ಟು, ಎಷ್ಟು ಮನೆಗೆ ಹೋಯಿತು, ಬೇಳೆಗೆ ಎಷ್ಟು, ಔಷಧಿಗೆ ಎಷ್ಟು, ಉಳಿದದ್ದೆಷ್ಟು. ಪಕ್ಕದಲ್ಲಿ ಅಂಗಡಿ ಬಿಲ್ಲಿನ ಪ್ರತಿ. ಮನೆಗಳ ಹೆಸರು ಬೇರೆ ನೋಟ್‌ಬುಕ್ಕಿನಲ್ಲಿ, ಇಬ್ಬರ ಬಳಿ ಮಾತ್ರ. ಫೋಟೋ ಕಳಿಸಲೇಬೇಕು ಎನ್ನುವ ದಾನಿಗೆ ಬಿಲ್ಲಿನ ಫೋಟೋ, ಜೋಡಿಸಿಟ್ಟ ಮೂಟೆಗಳ ಫೋಟೋ ಕಳಿಸಿ.

ಈ ಜಾಡಿನಲ್ಲಿ ಹೆಚ್ಚು ದೂರ ನಡೆದವರು ಸಂತ ವಿನ್ಸೆಂಟ್ ದೆ ಪಾಲ್ ಸೊಸೈಟಿಯವರು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಒಜಾನಂ ಎಂಬ ಇಪ್ಪತ್ತರ ವಿದ್ಯಾರ್ಥಿಯೂ ಅವನ ಗೆಳೆಯರೂ ಸೇರಿ ಆರಂಭಿಸಿದ್ದು ಅದು. ಬಡವರ ಮನೆಗೆ ಹೇಗೆ ಹೋಗಬೇಕೆಂದು ಅವರಿಗೆ ಕಲಿಸಿದವರು ಸಿಸ್ಟರ್ ರೊಸಾಲಿ ರಾಂದ್ಯು. ಇಬ್ಬಿಬ್ಬರಾಗಿ ಮನೆಗೇ ಹೋಗುವುದು, ಯಾವ ಧರ್ಮದವರೆಂದು ನೋಡದಿರುವುದು, ಸಭೆ ಸೇರಿದಾಗ ಯಾರೆಷ್ಟು ಹಾಕಿದರೆಂದು ಪಕ್ಕದವನಿಗೂ ತಿಳಿಯದಂತೆ ಚೀಲ ಹಾಯಿಸುವುದು ಅವರ ಪದ್ಧತಿ. ಎಡಗೈಗೆ ತಿಳಿಯದಂತೆ ಕೊಡುವುದಕ್ಕೆ ಆ ಚೀಲಕ್ಕಿಂತ ಸರಳ ಉಪಾಯ ಇನ್ನೊಂದಿಲ್ಲ. ಕರ್ನಾಟಕದ ಅನೇಕ ಕಥೋಲಿಕ ಧರ್ಮಕೇಂದ್ರಗಳಲ್ಲಿ ಈ ಸೊಸೈಟಿಯ ಘಟಕಗಳಿವೆ. ನೀವು ಬೇರೆ ಸಭೆಯವರಾದರೂ ಹೋಗಿ ಕೇಳಬಹುದು.

ಈಗ ಕಿಟ್ಟಿನ ವಿಷಯ. ಸಾಮಾನ್ಯವಾಗಿ ಚೀಲದ ಮುಕ್ಕಾಲು ಪಾಲು ಅಕ್ಕಿಯೇ ಇರುತ್ತದೆ. ಅನ್ನಭಾಗ್ಯದ ಅಕ್ಕಿ ಬರುವ ಮನೆಗೆ ಮತ್ತೆ ಅಕ್ಕಿ ಕೊಟ್ಟರೆ ಅದು ಮಾರಾಟಕ್ಕೆ ಹೋಗುತ್ತದೆ. ಆಮೇಲೆ ಕೊಟ್ಟವರೇ ‘ಇವರಿಗೆ ಬೆಲೆ ಗೊತ್ತಿಲ್ಲ’ ಎನ್ನುತ್ತಾರೆ. ತಪ್ಪು ಚೀಲ ಕಟ್ಟಿದವರದು. ಆ ಮನೆಯಲ್ಲಿ ಕೊರತೆ ಬೀಳುವುದು ಬೇಳೆ, ಎಣ್ಣೆ, ಸೋಪು, ಬಿಪಿ ಮಾತ್ರೆ, ಬಸ್ ಚಾರ್ಜು. ತಲೆಗೆ ದಿನಕ್ಕೆ 30 ಗ್ರಾಂ ಬೇಳೆ, 25 ಮಿಲಿ ಎಣ್ಣೆ ಎಂದು ಹಿಡಿದರೆ ನಾಲ್ವರ ಮನೆಗೆ ಹದಿನೈದು ದಿನಕ್ಕೆ 1.8 ಕಿಲೋ ಬೇಳೆ, ಒಂದೂವರೆ ಲೀಟರ್ ಎಣ್ಣೆ ಬೇಕು.

ಕಿಟ್ಟಿಗಿಂತ ಚೀಟಿ ವಾಸಿ. ಕಾಲೊನಿಯದೇ ಕಿರಾಣಿ ಅಂಗಡಿಯವರೊಡನೆ ಮಾತಾಡಿ, ಇಂತಿಷ್ಟು ರೂಪಾಯಿಯ ಚೀಟಿ ಬರೆದುಕೊಟ್ಟು, ತಿಂಗಳ ಕೊನೆಗೆ ಹಣ ಕಟ್ಟಿ. ಏನು ಬೇಕೆಂದು ಮನೆಯಾಕೆಯೇ ಆರಿಸಿಕೊಳ್ಳುತ್ತಾಳೆ. ಯಾಜಕಕಾಂಡ 19ರ ಕಟ್ಟಳೆ ಇದಕ್ಕೆ ಹತ್ತಿರ: ಹೊಲದ ಅಂಚಿನ ಪೈರನ್ನು ಯಜಮಾನ ಕೊಯ್ಯದೆ ಬಿಡಬೇಕು, ಬಡವ ತಾನೇ ಬಂದು ಕೂಡಿಸಿಕೊಳ್ಳುತ್ತಾನೆ. ಚೀಟಿಯಲ್ಲಿ ಎರಡು ಕಡೆ ಎಡವುತ್ತಾರೆ. ಚರ್ಚಿನ ಹೆಸರು ಅಚ್ಚಾದ ಬಣ್ಣದ ಕೂಪನ್ ಮಾಡಿಸಿದರೆ ಅಂಗಡಿಯ ಮುಂದಿದ್ದವರಿಗೆಲ್ಲ ಗುಟ್ಟು ರಟ್ಟು. ಸಾದಾ ಕಾಗದ, ಒಂದು ನಂಬರು, ಒಂದು ಸಹಿ ಸಾಕು. ಇನ್ನೊಂದು, ಅಂಗಡಿಯವನು ಹಳೆಯ ಸರಕು ದಾಟಿಸಬಹುದು. ಆಗಾಗ ಬಿಲ್ಲು ಹಿಡಿದು ಮನೆಯವರನ್ನು ವಿಚಾರಿಸಿ.

ಮನೆಗೆ ಹೋಗುವಾಗ ಇಬ್ಬರೇ ಹೋಗಿ, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಸಂಘದ ಟೀಶರ್ಟ್ ಬೇಡ. ಕೂರಲು ತೋರಿಸಿದಲ್ಲಿ ಕೂತು, ಚಹಾ ಕೊಟ್ಟರೆ ಕುಡಿಯಿರಿ. ಯೋಹಾನ 13ರಲ್ಲಿ ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರ ಮೊದಲು ಒಲ್ಲೆ ಎಂದ. ಪಡೆದುಕೊಳ್ಳಲು ಬಾರದವನ ಕೈಯಿಂದ ಪಡೆಯುವುದು ಎದುರಿನವರಿಗೂ ಭಾರ.

ಹೋದಾಗ ಕಾಗದಪತ್ರ ವಿಚಾರಿಸಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯೇ? ವಿಧವಾ ವೇತನ? ಎಷ್ಟೋ ಕಡೆ ಅದು ನಿಂತಿರುವುದು ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್‌ಗಳಲ್ಲಿ ಹೆಸರು ಒಂದೊಂದು ತರ ಇರುವುದರಿಂದ. ಅವರ ಜೊತೆ ನಾಡಕಚೇರಿಯ ಸಾಲಿನಲ್ಲಿ ಅರ್ಧ ದಿನ ನಿಂತರೆ ಹತ್ತು ಕಿಟ್ ಕೊಡುವುದಕ್ಕಿಂತ ಹೆಚ್ಚು ಉಪಯೋಗ. ಇದಕ್ಕೆ ಯಾರೂ ಫೋಟೋ ತೆಗೆಯುವುದಿಲ್ಲ, ಆದ್ದರಿಂದಲೇ ಸ್ವಯಂಸೇವಕರು ಸಿಗುವುದೂ ಕಷ್ಟ.

ಚೀಲದೊಳಗೆ ಕರಪತ್ರ ಇಡಬೇಡಿ. ಪ್ರಾರ್ಥನೆ ಅವರಾಗಿ ಕೇಳಿದರೆ ಮಾತ್ರ, ಅದೂ ಸಾಮಾನು ಕೊಡುವ ದಿನ ಬೇಡ. ಅಕ್ಕಿ ಹಿಡಿದ ಕೈ ಮುಂದೆ ಚಾಚಿರುವಾಗ ಯಾರೂ ‘ಬೇಡ’ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ.

ಯಾರಿಗೆ ಕೊಡಬೇಕೆಂದು ಪಟ್ಟಿ ಮಾಡುವವರು ಯಾರು? ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸಿಗುತ್ತಿಲ್ಲವೆಂಬ ಗೊಣಗಾಟ ಎದ್ದಿತು. ಆಗ ಆರಿಸಿದ ಏಳು ಜನರ ಹೆಸರು ನೋಡಿ, ಸ್ತೆಫನ, ಫಿಲಿಪ್ಪ ಮೊದಲ್ಗೊಂಡು ಏಳೂ ಗ್ರೀಕ್ ಹೆಸರು. ದೂರಿದವರ ಕಡೆಯವರ ಕೈಗೇ ಸೌಟು ಹೋಯಿತು ಎಂದು ತೋರುತ್ತದೆ. ನಿಮ್ಮ ಸಮಿತಿಯಲ್ಲೂ ಆ ಕಾಲೊನಿಯ ಇಬ್ಬರಿರಲಿ, ಅವರು ಚರ್ಚಿಗೆ ಬರುವವರೇ ಆಗಬೇಕಿಲ್ಲ.

ಕೊನೆಗೆ, ಪರದೇಶದ ಹಣ. ದುಬೈ, ಕುವೈತಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಅದೇ ಊರಿನವರು ಕಳಿಸಿದರೆ ಎನಿಸುತ್ತದೆ. ಅದಕ್ಕೆ 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಖಜಾಂಚಿಯ ಸ್ವಂತ ಖಾತೆಗೆ ಹಾಕಿಸಿಕೊಂಡು ಆಮೇಲೆ ಸರಿಮಾಡಿಕೊಳ್ಳೋಣ ಎಂಬ ಯೋಚನೆ ಬಂದರೆ ಅಲ್ಲಿಗೇ ಬಿಡಿ. ಕಳಿಸಿದವರಿಗೆ ಕಾರಣ ತಿಳಿಸಿ ಹಿಂದಿರುಗಿಸಿ.